ಒಂದು ಕೊಂಬಿನ ಇಳಿಯ ತಕರಾರು

ಪ್ರಿಯ ಮಿತ್ರರೇ,

‘ವಂಗಭೂಮಿಯ ವೀರಕಿಡಿಗಳು’ ಎಂಬ, ಬಂಗಾಳದ ಕ್ರಾಂತಿಕಾರಿಗಳನ್ನು ಕುರಿತ ನಿಮ್ಮ ಲೇಖನ ನಮ್ಮ ಕೈ ಸೇರಿ ಮೂರು ವಾರವಾಯಿತು. ಸ್ವೀಕರಿಸಲಾಗದ ಬರಹಗಳಿಗೆ ನಾವು ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳುವುದು ರೂಢಿ. ನಿಮ್ಮದಕ್ಕೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಮೊದಲ ಸಲ ಓದಿದಾಗ ಸಿಟ್ಟು ಬಂತು. ಎರಡನೆಯ ಸಲ ಓದಿದಾಗ ಆ ಸಿಟ್ಟು ಎಲ್ಲಿಂದ ಬಂತು ಎಂಬುದು ತಿಳಿಯಿತು. ಆದ್ದರಿಂದ ಈ ಪತ್ರ.

ವಿಷಯ ಒಳ್ಳೆಯದು. ಶ್ರಮಪಟ್ಟು ಓದಿದ್ದೀರಿ. ಇಸವಿಗಳು ಸರಿಯಾಗಿವೆ. ಅಲ್ಪಪ್ರಾಣ ಮಹಾಪ್ರಾಣಗಳು ತಂತಮ್ಮ ಜಾಗದಲ್ಲಿವೆ, ಈ ಕಾಲಕ್ಕೆ ಅದು ಸಣ್ಣ ಮಾತಲ್ಲ. ಹೊಗಳಿಕೆ ಇಷ್ಟು ಸಾಕು ಎಂದುಕೊಳ್ಳುತ್ತೇನೆ.

ಈಗ ನಿಮ್ಮ ನಾಲ್ಕನೆಯ ಪುಟಕ್ಕೆ ಬನ್ನಿ. ಅಲ್ಲಿ ಈ ವಾಕ್ಯವಿದೆ: ‘ಇದಲ್ಲದೆ ಈ ಕ್ರಾಂತಿಕಾರಿಗಳು ಪ್ರವಾಹ, ಬರಗಾಲ ಮೊದಲಾದ ಸಂದರ್ಭಗಳಲ್ಲಿ ಸಮಾಜಸೇವೆಯನ್ನೂ ಮಾಡಿ ರಾಷ್ಟ್ರನಿರ್ಮಾಣಕ್ಕೆ ತಮ್ಮ ಅಮೂಲ್ಯ ಕೊಡುಗೆಯನ್ನು ನೀಡಿದರು.’

ಏಳು ಪುಟದ ಲೇಖನದಲ್ಲಿ ನನ್ನನ್ನು ಕೆಣಕಿದ್ದು ಈ ಒಂದು ವಾಕ್ಯ. ‘ಅಮೂಲ್ಯ ಕೊಡುಗೆ’ಯನ್ನು ಬಿಟ್ಟುಬಿಡೋಣ, ಅದು ಸನ್ಮಾನಪತ್ರಗಳ ಸೊತ್ತು. ‘ಮೊದಲಾದ’ ಎಂಬುದನ್ನೂ ಕ್ಷಮಿಸುತ್ತೇನೆ. ನನ್ನ ತಕರಾರು ಎರಡು ಕಡೆ ಇದೆ. ಒಂದು, ‘ಇದಲ್ಲದೆ’. ಇನ್ನೊಂದು, ‘ಸಮಾಜಸೇವೆಯನ್ನೂ’ ಎಂಬಲ್ಲಿ ಕೊನೆಯ ಅಕ್ಷರಕ್ಕೆ ನೀವು ಇಳಿಬಿಟ್ಟಿರುವ ದೀರ್ಘ. ನಾವು ಶಾಲೆಯಲ್ಲಿ ‘ನಕಾರಕ್ಕೆ ಕೊಂಬಿನ ಇಳಿ ನೂ’ ಎಂದು ಕೂಗಿ ಕಲಿತೆವಲ್ಲ, ಅದೇ ಇಳಿ.

ಆ ಇಳಿ ಏನು ಹೇಳುತ್ತದೆ? ಈ ಜನರಿಗೆ ನಿಜವಾದ ಕೆಲಸ ಬೇರೆ ಇತ್ತು, ಬಾಂಬು ಪಿಸ್ತೂಲು ಕತ್ತಿ ಕುಸ್ತಿ. ಬಿಡುವು ಸಿಕ್ಕಾಗ ಒಂದಿಷ್ಟು ಅಕ್ಕಿ ಹಂಚಿದರು, ಅದು ಮೇಲೋಗರ ಎಂದು ಹೇಳುತ್ತದೆ. ನೀವು ಹಾಗೆ ಹೇಳಬೇಕೆಂದಿರಲಿಲ್ಲ ಎಂದು ನನಗೆ ಗೊತ್ತು. ವ್ಯಾಕರಣ ನಿಮ್ಮ ಬದಲಿಗೆ ಹೇಳಿಬಿಟ್ಟಿದೆ.

ಆ ಕ್ರಾಂತಿಕಾರಿಗಳ ಸಂಘವಾದ ಅನುಶೀಲನ ಸಮಿತಿಯನ್ನೇ ತೆಗೆದುಕೊಳ್ಳಿ. (ನೀವು ಉದ್ದಕ್ಕೂ ‘ಅನುಶೀಲನ್’ ಎಂದು ಬರೆದಿದ್ದೀರಿ. ಕನ್ನಡದಲ್ಲಿ ಅನುಶೀಲನ ಎಂಬ ಪದ ಚೆನ್ನಾಗಿಯೇ ಬಾಳುತ್ತಿರುವಾಗ ಆ ಅರ್ಧಾಕ್ಷರ ಯಾರ ಸಾಲ? ಬಂಗಾಳಿ ಕಲಿತು ಕಾದಂಬರಿಕಾರ ಬಂಕಿಮರನ್ನು ಬಿ. ವೆಂಕಟಾಚಾರ್ಯರು ಆ ಕಾಲದಲ್ಲೇ ಕನ್ನಡಕ್ಕೆ ತಂದರು. ಆ ಬಂಕಿಮರ ಚಿಂತನೆಯಿಂದಲೇ ಸಮಿತಿ ತನ್ನ ಹೆಸರನ್ನು ಪಡೆದದ್ದು. ಹೆಸರು ನಮ್ಮ ಬಾಗಿಲಿಗೆ ಎಂದೋ ಬಂದಿತ್ತು.) 1902ರಲ್ಲಿ ಕಲ್ಕತ್ತೆಯಲ್ಲಿ ಸತೀಶಚಂದ್ರ ಬಸು ಅದನ್ನು ಕಟ್ಟಿದರು, ಬ್ಯಾರಿಸ್ಟರ್ ಪ್ರಮಥನಾಥ ಮಿತ್ರ ಅಧ್ಯಕ್ಷರಾದರು. ಇಷ್ಟನ್ನು ನೀವು ಬರೆದಿದ್ದೀರಿ. ಗರಡಿಯನ್ನು, ಲಾಠಿ ವರಸೆಯನ್ನು ಮುಕ್ಕಾಲು ಪುಟ ವರ್ಣಿಸಿದ್ದೀರಿ. 1908ರ ಫೆಬ್ರವರಿಯನ್ನು ಮಾತ್ರ ಹಾರಿಬಿಟ್ಟಿದ್ದೀರಿ.

ಆ ತಿಂಗಳು ಅರ್ಧೋದಯ ಯೋಗ ಬಂದಿತ್ತು. ಅಮಾವಾಸ್ಯೆ, ಭಾನುವಾರ, ಶ್ರವಣ ನಕ್ಷತ್ರ, ವ್ಯತೀಪಾತ ಎಲ್ಲವೂ ಒಂದೇ ದಿನ ಕೂಡಿಬರುವ ಅಪರೂಪದ ಪರ್ವಕಾಲ. ಮನೆಯಲ್ಲಿ ಪಂಚಾಂಗ ನೋಡುವ ಅಜ್ಜಿಯಿದ್ದರೆ ಕೇಳಿ, ಹೇಳುತ್ತಾರೆ. ಗಂಗಾಸ್ನಾನಕ್ಕೆಂದು ಹಳ್ಳಿಹಳ್ಳಿಗಳಿಂದ ಜನ ಕಲ್ಕತ್ತೆಯ ಘಾಟುಗಳಿಗೆ ನುಗ್ಗಿದರು. ಆ ನೂಕುನುಗ್ಗಲನ್ನು ನಿಭಾಯಿಸಲು ನಿಂತವರು ಸಮಿತಿಯ ಹುಡುಗರು. ಕಾಯಿಲೆ ಬಿದ್ದವರನ್ನು ಹೊತ್ತರು, ಮುದುಕಿಯರ ಕೈಹಿಡಿದು ಮೆಟ್ಟಿಲಿಳಿಸಿದರು, ತಪ್ಪಿಸಿಕೊಂಡವರನ್ನು ಅವರವರ ಗುಂಪಿಗೆ ಸೇರಿಸಿದರು. ಅದಾಗಿ ಮೂರು ತಿಂಗಳು ತುಂಬುವ ಮೊದಲೇ, ಏಪ್ರಿಲ್ 30ರಂದು, ಬಿಹಾರದ ಮುಜಫ್ಫರ್‌ಪುರದಲ್ಲಿ ಬಾಂಬು ಸಿಡಿಯಿತು. ಎರಡು ದಿನ ಕಳೆಯುವುದರೊಳಗೆ ಪೊಲೀಸರು ಕಲ್ಕತ್ತೆಯ ಮಾಣಿಕತಲಾದ ತೋಟದ ಮನೆಗೆ ನುಗ್ಗಿದರು. ಘಾಟು, ಬಾಂಬು ಕಟ್ಟಿದ ತೋಟ ಎರಡೂ ಒಂದೇ ವರ್ಷದ ಒಂದೇ ಊರಿನ ಕಥೆ. ನೀವು ಒಂದನ್ನು ಮೂರನೆಯ ಪುಟದಲ್ಲಿಟ್ಟು ಇನ್ನೊಂದನ್ನು ‘ಮೊದಲಾದ’ದೊಳಗೆ ಹೂತಿದ್ದೀರಿ.

ಪೂರ್ವ ಬಂಗಾಳದ ಬಾರಿಸಾಲಿನ ಅಶ್ವಿನಿಕುಮಾರ ದತ್ತರಿಗೆ ನಿಮ್ಮ ಲೇಖನದಲ್ಲಿ ಅರ್ಧ ಸಾಲು ಸಿಕ್ಕಿದೆ. ಅವರು ಬಾಂಬಿನವರಲ್ಲ, ಮೇಷ್ಟರು; ಬ್ರಜಮೋಹನ ಶಾಲೆ ಕಟ್ಟಿದವರು. 1906ರಲ್ಲಿ ಆ ಜಿಲ್ಲೆಗೆ ಕ್ಷಾಮ ಬಡಿದಾಗ ತಮ್ಮ ಸ್ವದೇಶ ಬಾಂಧವ ಸಮಿತಿಯ ಹುಡುಗರನ್ನು ಹಳ್ಳಿಗಳಿಗೆ ಕಳಿಸಿದರು. ಅದೇ ಸಮಿತಿ ಊರ ವ್ಯಾಜ್ಯಗಳನ್ನು ಕೋರ್ಟಿಗೆ ಬಿಡದೆ ತಾನೇ ಪಂಚಾಯಿತಿ ಕೂಡಿಸಿ ಬಗೆಹರಿಸುತ್ತಿತ್ತು. 1906ರ ಆಗಸ್ಟ್ ಹೊತ್ತಿಗೆ 89 ಪಂಚಾಯಿತಿ ಮಂಡಳಿಗಳು 523 ವ್ಯಾಜ್ಯಗಳನ್ನು ತೀರ್ಮಾನಿಸಿವೆ ಎಂದು ಹೇಳಿಕೊಂಡಿತು. ಬೇಲಿ, ಬದು, ಸಾಲ, ಅಣ್ಣತಮ್ಮಂದಿರ ಪಾಲು ಇವುಗಳಲ್ಲಿ ಏನು ರೋಮಾಂಚನವಿದೆ ಎಂದು ನಿಮಗೆ ಅನ್ನಿಸಿರಬೇಕು. ಆದರೆ 1908ರ ಡಿಸೆಂಬರಿನಲ್ಲಿ ಸರ್ಕಾರ ವಿಚಾರಣೆಯಿಲ್ಲದೆ ಗಡೀಪಾರು ಮಾಡಿದವರಲ್ಲಿ ಈ ಮೇಷ್ಟರೂ ಇದ್ದರು. 1818ರ ಹಳೆಯ ನಿಬಂಧನೆಯೊಂದನ್ನು ಹುಡುಕಿ ತೆಗೆದು ಅವರನ್ನು ಲಕ್ನೋ ಜೈಲಿಗೆ ಸಾಗಿಸಿದರು. ಮರು ತಿಂಗಳೇ ನಿಷೇಧಿಸಿದ ಸಮಿತಿಗಳ ಪಟ್ಟಿಯಲ್ಲಿ ಅನುಶೀಲನದ ಪಕ್ಕದಲ್ಲೇ ಸ್ವದೇಶ ಬಾಂಧವವೂ ಇತ್ತು. ವ್ಯಾಜ್ಯ ತೀರಿಸುವವರನ್ನೂ ಬಾಂಬು ಕಟ್ಟುವವರನ್ನೂ ಸರ್ಕಾರ ಒಂದೇ ಹಗ್ಗದಲ್ಲಿ ಕಟ್ಟಿತು. ಅದಕ್ಕೆ ನಿಮ್ಮ ‘ಇದಲ್ಲದೆ’ ಗೊತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರವನ್ನೂ ಹೇಳಿಬಿಡುತ್ತೇನೆ. ಆ ಕಾಲದ ಪೊಲೀಸರು ಈ ಸೇವೆಯೆಲ್ಲ ಬರೀ ಮುಸುಕು, ಹುಡುಗರನ್ನು ಹಿಡಿಯುವ ಬಲೆ ಎಂದರು. 1916ರ ಕೊನೆಯಲ್ಲಿ ಬಂಗಾಳದ ಗವರ್ನರ್ ಲಾರ್ಡ್ ಕಾರ್ಮೈಕೇಲ್ ದರ್ಬಾರಿನಲ್ಲಿ ಮಾತನಾಡುತ್ತ ರಾಮಕೃಷ್ಣ ಮಿಷನ್ನಿನ ಹೆಸರೆತ್ತಿಯೇ ಈ ಅನುಮಾನವನ್ನು ಹೊರಹಾಕಿದರು. ಕೆಲವು ತಿಂಗಳ ಮೇಲೆ ಅವರೇ ಮಿಷನ್ನಿಗೆ ಸಮಾಧಾನದ ಪತ್ರ ಬರೆಯಬೇಕಾಯಿತು. ಮುಸುಕು ಎಂದ ಪೊಲೀಸರು, ಮೇಲೋಗರ ಎಂದ ನೀವು, ಇಬ್ಬರೂ ಎರಡು ಕೆಲಸಗಳನ್ನು ಬೇರೆಬೇರೆ ಪಾತ್ರೆಗೆ ಹಾಕಿದಿರಿ. ನನ್ನ ಮಟ್ಟಿಗೆ ಅದು ಒಂದೇ ಪಾತ್ರೆ.

ಎರಡನೆಯ ತಕರಾರು ಇನ್ನೂ ದೊಡ್ಡದು. ನಿಮ್ಮ ಲೇಖನದಲ್ಲಿ ‘-ಲಾಯಿತು’ ಎಷ್ಟು ಸಲ ಬರುತ್ತದೆ ಎಂದು ಪೆನ್ಸಿಲ್ ಹಿಡಿದು ಎಣಿಸಿದೆ. ನಲವತ್ತೊಂದು. ನೀಡಲಾಯಿತು, ಕೈಗೊಳ್ಳಲಾಯಿತು, ಸ್ಥಾಪಿಸಲಾಯಿತು, ಸಂಗ್ರಹಿಸಲಾಯಿತು. ಸರ್ಕಾರಿ ಸುತ್ತೋಲೆಗಳಿಂದ ಹಿಡಿದು ಕನ್ನಡಕ್ಕೆ ಅಂಟಿಕೊಂಡ ಈ ತುರಿಕೆ ನಿಮಗೊಬ್ಬರಿಗೆ ಬಂದದ್ದೇನೂ ಅಲ್ಲ. ಆದರೆ ಕ್ರಾಂತಿಕಾರಿಗಳ ಬಗ್ಗೆ ಬರೆಯುವಾಗ ಅದು ಬಂದರೆ ಕ್ರಾಂತಿಯೇ ಯಾರೂ ಮಾಡದೆ ತಾನಾಗಿ ಆದಂತೆ ಕಾಣುತ್ತದೆ.

ಮೂರು ವಾಕ್ಯಗಳನ್ನು ಎತ್ತಿಕೊಳ್ಳುತ್ತೇನೆ.

‘1913ರಲ್ಲಿ ದಾಮೋದರ ನದಿಯ ಪ್ರವಾಹದಲ್ಲಿ ಸಂತ್ರಸ್ತರಿಗೆ ನೆರವು ನೀಡಲಾಯಿತು.’ ಯಾರು ನೀಡಿದರು? ಅದರ ಹಿಂದಿನ ಪುಟದಲ್ಲಷ್ಟೇ ನೀವು ಬಾಘಾ ಜತೀನ್, ಅಂದರೆ ಜತೀಂದ್ರನಾಥ ಮುಖರ್ಜಿ, 1906ರಲ್ಲಿ ಚೂರಿಯಿಂದ ಹುಲಿ ಕೊಂದದ್ದನ್ನು ಒಂದೂವರೆ ಪುಟ ಬರೆದಿದ್ದೀರಿ. ಹುಲಿಗೆ ಒಂದೂವರೆ ಪುಟ, ನೆರೆಗೆ ಅರ್ಧ ವಾಕ್ಯ. ಆ ಅರ್ಧ ವಾಕ್ಯದಲ್ಲಿ ಅದೇ ಮನುಷ್ಯನ ಹೆಸರಿಲ್ಲ! ನೆರೆಯ ಹೊತ್ತಿಗೆ ಜತೀನ್ ಏನಾಗಿದ್ದರು ಗೊತ್ತೆ? ಹೌರಾ ಒಳಸಂಚಿನ ಮೊಕದ್ದಮೆಯಲ್ಲಿ ಒಂದು ವರ್ಷ ಜೈಲಿನಲ್ಲಿದ್ದು 1911ರಲ್ಲಿ ಬಿಡುಗಡೆಯಾಗಿ ಬಂದಿದ್ದರು. ಸೆಕ್ರೆಟೇರಿಯಟ್ಟಿನ ಸ್ಟೆನೋ ಕೆಲಸ ಹೋಗಿತ್ತು. ಜೆಸ್ಸೋರ್ ಮತ್ತು ಝಿನಾಯ್ದಹದ ನಡುವಿನ ರೈಲು ಹಳಿಯ ಕೆಲಸವನ್ನು ಗುತ್ತಿಗೆ ಹಿಡಿದು ಮಣ್ಣು ಹೊರಿಸುವ ಕಂಟ್ರಾಕ್ಟರ್ ಆಗಿದ್ದರು. ದಾಮೋದರ ಏರಿ ಒಡೆದು ಬರ್ದ್ವಾನ್ ಸೀಮೆ ಮುಳುಗಿದಾಗ ಆ ಕಂಟ್ರಾಕ್ಟರ್ ಅಲ್ಲಿಗೆ ಬಂದರು. ಹಳೆಯ ಜಗಳ, ಗುಮಾನಿ, ಜೈಲುಗಳಿಂದ ಚದುರಿಹೋಗಿದ್ದ ಬೇರೆಬೇರೆ ಗುಂಪುಗಳ ಹುಡುಗರು ಮತ್ತೆ ಒಬ್ಬರ ಮುಖ ಒಬ್ಬರು ನೋಡಿದ್ದು ಆ ಕೆಸರಿನಲ್ಲಿ. ಎರಡು ವರ್ಷದ ಮೇಲೆ, 1915ರ ಸೆಪ್ಟೆಂಬರ್ 9ರಂದು, ಬಾಲಾಸೋರಿನ ಬಳಿ ಐದೇ ಜನ ಪೊಲೀಸರ ಪಡೆಯನ್ನು ಎದುರಿಸಿ ನಿಂತರು. ಮರುದಿನ ಆಸ್ಪತ್ರೆಯಲ್ಲಿ ಜತೀನ್ ತೀರಿಕೊಂಡರು. ಆ ಕಾಳಗ ನಿಮ್ಮ ಐದನೆಯ ಪುಟದಲ್ಲಿದೆ, ಚೆನ್ನಾಗಿಯೂ ಇದೆ. ಆದರೆ ಓದುಗನಿಗೆ ಅವರು ಹುಲಿಯ ಮೈಮೇಲಿಂದ ನೇರವಾಗಿ ಬಾಲಾಸೋರಿಗೆ ಜಿಗಿದಂತೆ ಕಾಣುತ್ತದೆ. ನಡುವೆ ಒಂದು ನದಿಯಿತ್ತು.

‘ಕ್ರಾಂತಿಕಾರ್ಯಕ್ಕೆ ಬೇಕಾದ ಹಣವನ್ನು ಸಂಗ್ರಹಿಸಲಾಯಿತು.’ ಎಷ್ಟು ಸಭ್ಯವಾದ ವಾಕ್ಯ! ಗಣೇಶೋತ್ಸವದ ಚಂದಾ ಎತ್ತಿದಂತಿದೆ. 1908ರ ಜೂನ್ 2ರಂದು ಢಾಕಾ ಜಿಲ್ಲೆಯ ಬಾರ್ರಾ ಎಂಬ ಹಳ್ಳಿಗೆ ಢಾಕಾ ಅನುಶೀಲನದವರು ದೋಣಿಯಲ್ಲಿ ಹೋಗಿ ಮನೆಯೊಂದನ್ನು ದೋಚಿದರು. ದಡದುದ್ದಕ್ಕೂ ಬೆನ್ನಟ್ಟಿ ಬಂದ ಹಳ್ಳಿಗರ ಮೇಲೆ ಗುಂಡು ಹಾರಿಸಿದರು, ಸತ್ತವರಿದ್ದಾರೆ. ಅರ್ಧೋದಯದಲ್ಲಿ ಮುದುಕಿಯರ ಕೈಹಿಡಿದ ಸಂಘದ ಇನ್ನೊಂದು ಶಾಖೆ ಅದೇ ವರ್ಷ ಮಾಡಿದ ಕೆಲಸ ಇದು. ಇದನ್ನು ಬರೆದರೆ ಅವರ ಘನತೆ ಕುಂದುತ್ತದೆ ಎಂದು ನೀವು ಹೆದರಿದ್ದೀರಿ. ಮುಜಫ್ಫರ್‌ಪುರದಲ್ಲಿಯೂ ಹಾಗೆಯೇ, ‘ಗುರಿ ತಪ್ಪಿತು’ ಎಂದು ಹೇಳಿ ಮುಂದೆ ಹೋಗಿದ್ದೀರಿ. ನ್ಯಾಯಾಧೀಶ ಕಿಂಗ್ಸ್‌ಫರ್ಡ್‌ನದೆಂದು ಬಗೆದ ಗಾಡಿಯಲ್ಲಿ ಇದ್ದವರು ಬ್ಯಾರಿಸ್ಟರ್ ಪ್ರಿಂಗಲ್ ಕೆನಡಿಯವರ ಹೆಂಡತಿ ಮತ್ತು ಮಗಳು, ಇಬ್ಬರೂ ಸತ್ತರು. ಹದಿನೆಂಟರ ಖುದಿರಾಮ ಆ ಬಾಂಬಿಗಾಗಿ ಆಗಸ್ಟ್ 11ರಂದು ಗಲ್ಲಿಗೇರಿದ ಎಂಬುದಕ್ಕೆ ನೀವು ಕಣ್ಣೀರು ಸುರಿಸಿದ್ದೀರಿ, ಸುರಿಸಿ. ಆ ಇಬ್ಬರು ಹೆಂಗಸರನ್ನೂ ವಾಕ್ಯದೊಳಗೆ ಕೂರಿಸಿ. ‘-ಲಾಯಿತು’ ಎಂಬುದು ಒಲೆ ಹಚ್ಚಿದ ಕೈಯನ್ನು ಮರೆಸುವ ಹಾಗೆಯೇ ಗುಂಡು ಹೊಡೆದ ಕೈಯನ್ನೂ ಮರೆಸುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ಬೈಸಿಕೊಂಡು ಕಲಿತದ್ದು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಜಿಲ್ಲಾ ಪತ್ರಿಕೆಗೆ ಸೇರಿದೆ. ಹೆಸರು ಬೇಡ, ಈಗ ಅದು ಇಲ್ಲ. ಅಚ್ಚುಮೊಳೆ ಜೋಡಿಸುವ ಕಾಲ. ನಮ್ಮ ಹಿರಿಯ ಉಪಸಂಪಾದಕರು ಸದಾ ಎಲೆಅಡಿಕೆ ಜಗಿಯುತ್ತಿದ್ದರು, ಅವರು ತಿದ್ದಿದ ಪ್ರೂಫಿನಲ್ಲಿ ಕೆಂಪು ಇಂಕು ಯಾವುದು ತಾಂಬೂಲ ಯಾವುದು ತಿಳಿಯುತ್ತಿರಲಿಲ್ಲ. ಆ ಮಳೆಗಾಲ ತುಂಗಭದ್ರೆ ಉಕ್ಕಿ ನದಿಪಾತ್ರದ ಕೇರಿಗಳಿಗೆ ನುಗ್ಗಿತು. ನನ್ನನ್ನು ವರದಿಗೆ ಕಳಿಸಿದರು. ನಾನು ಬಸ್ಸಿನಲ್ಲಿ ಹೋಗಿ, ತಹಶೀಲ್ದಾರರನ್ನು ಕಂಡು, ಸಂಜೆಗೆ ಮರಳಿ ಬಂದು ಬರೆದೆ: ‘ನಿರಾಶ್ರಿತರಿಗೆ ಶಾಲೆಯಲ್ಲಿ ಊಟ ವಸತಿಯ ವ್ಯವಸ್ಥೆ ಕಲ್ಪಿಸಲಾಯಿತು.’

ಅವರು ಓದಿದರು. ‘ಏನಯ್ಯಾ, ಗಂಜಿ ಕಾಯಿಸಿದ್ದು ಯಾರು?’ ಎಂದು ಕೇಳಿದರು.

‘ಸರ್ಕಾರ, ಸಾರ್’ ಎಂದೆ.

‘ಸರ್ಕಾರಕ್ಕೆ ಸೌಟು ಹಿಡಿಯಲು ಬರುತ್ತದೆಯೇ? ಹೋಗಿ ನೋಡಿಕೊಂಡು ಬಾ.’

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೋದೆ. ಶಾಲೆಯ ಹಿಂದೆ ಮೂರು ಕಲ್ಲು ಹೂಡಿದ ಒಲೆ, ಮೇಲೆ ದೇವಸ್ಥಾನದಿಂದ ತಂದ ಕೊಪ್ಪರಿಗೆ. ಸೌಟು ತಿರುಗಿಸುತ್ತಿದ್ದ ಹೆಂಗಸು ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುತ್ತಿದ್ದವರು. ಅವರ ಖಾನಾವಳಿಯೂ ನೀರಿನಲ್ಲಿತ್ತು. ಅಕ್ಕಿ ಚೀಲ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ ಹುಡುಗನ ಮೇಲೆ ಹಿಂದಿನ ತಿಂಗಳ ಚಳವಳಿಯಲ್ಲಿ ಕಲ್ಲು ತೂರಿದ ಕೇಸಿತ್ತು, ಜಾಮೀನಿನ ಮೇಲೆ ಹೊರಗಿದ್ದ. ಅವನನ್ನು ಹಿಡಿದು ಒಯ್ದಿದ್ದ ಪೇದೆ ಅಲ್ಲೇ ಪಂಕ್ತಿಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದರು. ಅವರ ಮನೆಯೂ ಕೇರಿಯಲ್ಲೇ ಇತ್ತು. ಚೀಲ ಎಣಿಸುವುದು, ಯಾವ ಬೀದಿಗೆ ಎಷ್ಟು, ಯಾರನ್ನು ಎಲ್ಲಿ ಕಾವಲು ನಿಲ್ಲಿಸುವುದು ಇದೆಲ್ಲ ಆ ಹುಡುಗನಿಗೆ ಲೀಲಾಜಾಲವಾಗಿತ್ತು. ಚಳವಳಿಯಲ್ಲಿ ಕಲಿತದ್ದೇ ಅದು.

ಸಂಭ್ರಮದಿಂದ ಬಂದು ಬರೆದೆ. ‘ಕಲ್ಲು ತೂರಿದ ಆರೋಪ ಹೊತ್ತ ಯುವಕ ಗಂಜಿಯನ್ನೂ ಹಂಚಿದ.’ ಈ ಸಲ ಅವರು ಬೈಯಲಿಲ್ಲ. ಎದ್ದು ಮೊಳೆ ಜೋಡಿಸುವ ಕೋಣೆಗೆ ಹೋದರು. ನಾನು ಹಿಂದೆಯೇ ಹೋದೆ. ಕಂಪೋಸಿಟರ್ ಹೆಗಲ ಮೇಲಿಂದ ಬಗ್ಗಿ ಆ ಸಾಲಿಗೆ ಬೆರಳಿಟ್ಟರು. ಅವನು ಚಿಮಟದಿಂದ ಇಳಿಯ ಮೊಳೆಯನ್ನು ಕಿತ್ತು ಬರಿಯ ಕೊಂಬನ್ನು ಕೂರಿಸಿದ. ‘ಗಂಜಿಯನ್ನು ಹಂಚಿದ.’ ಇಷ್ಟೇ ಬದಲಾವಣೆ. ಮರುದಿನ ನಾಲ್ಕು ಸಾಲಿನ ಸುದ್ದಿಯಾಗಿ, ನನ್ನ ಹೆಸರಿಲ್ಲದೆ, ಮಾರುಕಟ್ಟೆ ಧಾರಣೆಯ ಮೇಲೆ ಅಚ್ಚಾಯಿತು. ಅದನ್ನು ಓದುವಾಗ ಹುಡುಗ ಒಬ್ಬನೇ ಆದ, ಅಲ್ಲಿಯವರೆಗೆ ನನಗೆ ಇಬ್ಬರಂತೆ ಕಂಡಿದ್ದ.

ನಿಮ್ಮ ಮೂರನೆಯ ವಾಕ್ಯ ಹೀಗಿದೆ: ‘ಮಹಿಳೆಯರೂ ಈ ಹೋರಾಟದಲ್ಲಿ ಹಿಂದೆ ಬೀಳಲಿಲ್ಲ.’ ಮತ್ತೆ ಅದೇ ಇಳಿ! ಆಮೇಲೆ ಪ್ರೀತಿಲತಾ ವಾದ್ದೇದಾರ್ 1932ರ ಸೆಪ್ಟೆಂಬರಿನಲ್ಲಿ ಪಹಾಡತಲಿಯ ಯುರೋಪಿಯನ್ ಕ್ಲಬ್ಬಿನ ಮೇಲೆ ದಾಳಿ ಮಾಡಿ ಸೈನೈಡ್ ನುಂಗಿದ್ದು. ಅಷ್ಟಕ್ಕೆ ಮುಗಿಯಿತು. ಅವರು ಚಿತ್ತಗಾಂಗಿನ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದರು ಎಂಬುದು ಎಲ್ಲಿ? ಅವರ ನಾಯಕ ಸೂರ್ಯ ಸೇನರೂ ಶಾಲಾ ಮೇಷ್ಟರೇ, ಅದಕ್ಕೇ ‘ಮಾಸ್ಟರ್‌ದಾ’. ‘ದಾ’ ಎಂದರೆ ಅಣ್ಣ, ನಾವು ಮೇಷ್ಟ್ರಣ್ಣ ಎಂದ ಹಾಗೆ. ನೀವು ಅದನ್ನು ‘ಮಾಸ್ಟರ್ ದಾ ಸೂರ್ಯಸೇನ್’ ಎಂದು ಒಡೆದು ಬಿರುದು ಮಾಡಿಬಿಟ್ಟಿದ್ದೀರಿ.

ಪ್ರೀತಿಲತಾ ಢಾಕಾದಲ್ಲಿ ಓದುವಾಗ ಸೇರಿದ್ದು ದೀಪಾಲಿ ಸಂಘ. ಅದನ್ನು 1923ರಲ್ಲಿ ಕಟ್ಟಿದವರು ಲೀಲಾ ನಾಗ್, ಢಾಕಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಿದ ಮೊದಲ ಹೆಣ್ಣುಮಗಳು, ಮದುವೆಯಾದ ಮೇಲೆ ಲೀಲಾ ರಾಯ್. ಸಂಘ ಹೆಣ್ಣುಮಕ್ಕಳಿಗೆ ಉಚಿತ ಶಾಲೆಗಳನ್ನು ತೆರೆಯಿತು, ಕೈಕಸುಬು ಕಲಿಸಿತು, ಲಾಠಿಯನ್ನು ಕಲಿಸಿತು. ಈ ಪಟ್ಟಿಯಲ್ಲಿ ಯಾವುದು ಮುಖ್ಯ, ಯಾವುದು ‘ಇದಲ್ಲದೆ’? 1931ರಲ್ಲಿ ‘ಜಯಶ್ರೀ’ ಪತ್ರಿಕೆ ಆರಂಭಿಸಿದರು, ಅದೇ ವರ್ಷದ ಕೊನೆಗೆ ಬಂಧನ, 1937ರವರೆಗೆ ಜೈಲು. 1946ರಲ್ಲಿ ಸಂವಿಧಾನ ಸಭೆಗೆ ಆಯ್ಕೆಯಾದರು. ಅದೇ ಕಾಲದಲ್ಲಿ ನೌಖಾಲಿಯ ಗಲಭೆಗೆ ಸಿಕ್ಕ ಹಳ್ಳಿಗಳಲ್ಲಿ ಪರಿಹಾರದ ಕೆಲಸಕ್ಕೆ ನಿಂತರು.

ಕಮಲಾ ದಾಸಗುಪ್ತರನ್ನು ನೀವು ಪೂರ್ತಿ ಬಿಟ್ಟಿದ್ದೀರಿ. ಕಲ್ಕತ್ತೆಯಲ್ಲಿ ಬಡ ಹೆಣ್ಣುಮಕ್ಕಳ ಹಾಸ್ಟೆಲಿನ ಮೇಲ್ವಿಚಾರಕಿ. ಕ್ರಾಂತಿಕಾರಿಗಳ ಬಾಂಬುಗಳನ್ನು ಬಚ್ಚಿಟ್ಟದ್ದು ಆ ಹಾಸ್ಟೆಲಿನಲ್ಲೇ. 1932ರ ಫೆಬ್ರವರಿ 6ರಂದು ಘಟಿಕೋತ್ಸವದ ಸಭೆಯಲ್ಲಿ ಬೀನಾ ದಾಸ್ ಗವರ್ನರ್ ಜಾಕ್ಸನ್ ಮೇಲೆ ಹಾರಿಸಿದ ರಿವಾಲ್ವರ್ ತಂದುಕೊಟ್ಟವರು ಅವರೇ. ಮುಂದೆ ನೌಖಾಲಿಯ ಪರಿಹಾರ ಶಿಬಿರದ ಹೊಣೆ ಹೊತ್ತವರಲ್ಲಿ ಅವರೂ ಒಬ್ಬರು. ನಾನು ಲೇಖನವನ್ನು ಬರೆಯುವುದಾಗಿದ್ದರೆ ಹುಲಿಯನ್ನು ಬಿಟ್ಟು ಈ ಹಾಸ್ಟೆಲಿನ ಉಗ್ರಾಣದಿಂದ ಶುರುಮಾಡುತ್ತಿದ್ದೆ. ಬರೆಯುವವರು ನೀವು, ನಿಮ್ಮಿಷ್ಟ.

ನಿಮ್ಮಲ್ಲಿ ಕಸುವಿಲ್ಲವೆಂದು ನಾನು ಹೇಳುತ್ತಿಲ್ಲ. ಎರಡನೆಯ ಪುಟದ ಕೆಳಗೆ, ನೀವೇ ಗಮನಿಸದೆ, ಒಂದು ವಾಕ್ಯ ಬರೆದಿದ್ದೀರಿ: ‘1899ರ ಪ್ಲೇಗಿನಲ್ಲಿ ಬಾಗ್‌ಬಜಾರಿನ ಗಲ್ಲಿ ಗುಡಿಸಲು ಯಾರೂ ಬಾರದಿದ್ದಾಗ ನಿವೇದಿತಾ ತಾವೇ ಪೊರಕೆ ಹಿಡಿದು ಇಳಿದರು, ನಾಚಿಕೊಂಡ ಹುಡುಗರು ಬಂದು ಪೊರಕೆ ಕಸಿದುಕೊಂಡರು.’ ಇಲ್ಲಿ ಗಲ್ಲಿಯಿದೆ, ಪೊರಕೆಯಿದೆ, ಕೈಯಿದೆ, ನಾಚಿಕೆಯಿದೆ. ‘-ಲಾಯಿತು’ ಇಲ್ಲ. ಇದರ ಮರುಸಾಲಿನಲ್ಲೇ ‘ಹೀಗೆ ಅವರು ಸೇವೆಯ ಸಾಕಾರಮೂರ್ತಿಯಾದರು’ ಎಂದು ಬರೆದು ಆ ಪೊರಕೆಯನ್ನು ನೀವೇ ಕಸಿದುಕೊಂಡಿದ್ದೀರಿ. ಆ ಸಾಲನ್ನು ಹೊಡೆದುಹಾಕಿದ್ದೇನೆ, ಬೇಸರಿಸಬೇಡಿ.

ಲೇಖನವನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ತಿರಸ್ಕಾರವೆಂದು ತಿಳಿಯಬೇಡಿ, ಹಾಗೆಂದು ಸ್ವೀಕಾರವೂ ಅಲ್ಲ. ಏಳು ಪುಟ ಬೇಡ, ನಾಲ್ಕು ಸಾಕು. ಎಲ್ಲರನ್ನೂ ತರಬೇಡಿ, ಒಬ್ಬರನ್ನೋ ಇಬ್ಬರನ್ನೋ ಹಿಡಿದುಕೊಂಡು ಅವರ ಕೈ ಏನೇನು ಮಾಡಿತು ಎಂಬುದನ್ನು ಬರೆಯಿರಿ. ಶೀರ್ಷಿಕೆಯಿಂದ ‘ಕಿಡಿ’ಯನ್ನು ತೆಗೆಯಿರಿ. ಮುಂದಿನ ತಿಂಗಳ 20ರೊಳಗೆ ಬಂದರೆ ವಿಶೇಷಾಂಕಕ್ಕೆ ಸೇರಿಸಬಹುದೇ ಎಂದು ನೋಡುತ್ತೇನೆ.

ಪುಟಗಳಿಗೆ ಸಂಖ್ಯೆ ಹಾಕಿ. ಈ ಸಲ ನಾನೇ ಹಾಕಿಕೊಂಡೆ.

ಇತಿ,
ಸಂಪಾದಕ